ಬೆಡ್‌ಶೀಟ್ ಮ್ಯಾಟಿಗೆ ಆರೋ, ಏಳೋ?

ಕರ್ನಾಟಕದಾಚೆ ಕ್ರೋಶಾ ಕಡ್ಡಿ (ತುದಿಗೆ ಕೊಕ್ಕೆಯಿರುವ ಹೆಣಿಗೆ ಕಡ್ಡಿ) ಹಿಡಿಯುವ ಕನ್ನಡಿಗರಿಗೆ ಎರಡು ಕ್ರಮಗಳ ನಡುವೆ ಎಳೆದಾಟ ತಪ್ಪಿದ್ದಲ್ಲ. ಒಂದು, ಬಲ್ಲವರ ಕೈ ನೋಡಿ ಕಲಿಯುವುದು. ಅಲ್ಲಿ ಬರಹ ಇಲ್ಲ. ಸುತ್ತು ಮುದುಡಿತೋ, ಬಿಚ್ಚಿ ಎರಡು ಸ್ಟಿಚ್ ಜಾಸ್ತಿ ಹಾಕು, ಮುಗಿಯಿತು. ಇನ್ನೊಂದು, ಇಂಗ್ಲಿಷ್ ಪ್ಯಾಟರ್ನ್, ಅಂದರೆ ಹೆಣಿಗೆಯ ಬರೆದ ಸೂಚನೆ, ಎದುರಿಗಿಟ್ಟುಕೊಂಡು ಸಾಲು ಸಾಲು ಎಣಿಸುತ್ತಾ ಹೆಣೆಯುವುದು. ಅಂಗಡಿಯ ನೂಲಿಗೆ ಎರಡನೆಯದೇ ಸಲೀಸು. ಹಳೆ ಬಟ್ಟೆ ಸೀಳಿ ಮ್ಯಾಟ್ ಹೆಣೆಯುವಾಗ ಮಾತ್ರ ನನ್ನ ಮತ ಮೊದಲನೆಯದಕ್ಕೆ. ಹಾಗಂತ ಪ್ಯಾಟರ್ನಿನವರಿಂದ ಕಲಿಯುವುದು ಏನೂ ಇಲ್ಲ ಎಂದಲ್ಲ, ಒಂದು ಅಭ್ಯಾಸ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಪ್ಯಾಟರ್ನಿನ ಭಾಷೆಯ ತಕರಾರು. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವ ಗಿಡ್ಡ ಸ್ಟಿಚ್ಚನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಬ್ರಿಟಿಷ್ ಪ್ಯಾಟರ್ನಿನ ‘ಡಬಲ್’ ಓದಿ ಅಮೆರಿಕದ ಡಬಲ್ ಹೆಣೆದರೆ ಪ್ರತಿ ಸ್ಟಿಚ್ ಹತ್ತಿರ ಹತ್ತಿರ ಎರಡು ಪಟ್ಟು ಎತ್ತರವಾಗಿ, ಚಪ್ಪಟೆ ಆಗಬೇಕಾದ ಮ್ಯಾಟ್ ಬಟ್ಟಲಾಗಿ ಕೂರುತ್ತದೆ. ಗುರುತು ಸುಲಭ: ಪ್ಯಾಟರ್ನಿನಲ್ಲಿ ‘ಸಿಂಗಲ್ ಕ್ರೋಶಾ’ ಎಂದು ಕಂಡರೆ ಅದು ಅಮೆರಿಕದ್ದು. ಕೈ ನೋಡಿ ಕಲಿತವರಿಗೆ ಈ ಗೋಜಲೇ ಇಲ್ಲ, ಏಕೆಂದರೆ ಅವರು ಹೆಸರು ಕೇಳುವುದಿಲ್ಲ, ದಾರ ಎಷ್ಟು ಸಲ ಸುತ್ತಿತು ಎಂದು ನೋಡುತ್ತಾರೆ.

ಈಗ ಬಟ್ಟೆ. ನೇಯ್ದ ಹತ್ತಿ ಬಟ್ಟೆಯನ್ನು ಕತ್ತರಿಸುವುದಕ್ಕಿಂತ ಹರಿಯುವುದೇ ಮೇಲು. ಅಂಚಿನಲ್ಲಿ ಒಂದು ಸೆಂಟಿಮೀಟರ್ ಕಚ್ಚು ಹಾಕಿ ಎಳೆದರೆ ಎಳೆಯ ಗುಂಟ ನೇರವಾಗಿ ಸೀಳುತ್ತದೆ. ದಪ್ಪ ಬೆಡ್‌ಶೀಟಿಗೆ 2.5 ಸೆಂ.ಮೀ. ಅಗಲ ಸಾಕು, ತೆಳು ಬಟ್ಟೆಗೆ 3.5ರಿಂದ 4 ಬೇಕು. ತುದಿಯಿಂದ 2 ಸೆಂ.ಮೀ. ಈಚೆಗೆ ನಿಲ್ಲಿಸಿ, ಮುಂದಿನ ಸೀಳನ್ನು ಎದುರು ಬದಿಯಿಂದ ಶುರು ಮಾಡುತ್ತಾ ಹಾವಿನಂತೆ ಹೋದರೆ ಇಡೀ ಬೆಡ್‌ಶೀಟ್ ಒಂದೇ ಪಟ್ಟಿಯಾಗುತ್ತದೆ. ಆದರೆ ಪ್ರತಿ ತಿರುವಿನಲ್ಲೂ ಮೂಲೆ ಕಿವಿಯಂತೆ ಎದ್ದು ನಿಲ್ಲುತ್ತದೆ. ಅದನ್ನು ಕತ್ತರಿಯಿಂದ ದುಂಡಗೆ ಮಾಡದೆ ಹೆಣೆದರೆ ಮ್ಯಾಟಿನ ತುಂಬ ಕಿವಿಗಳೇ. ಸೀಳುವ ಮುಂಚೆ ಬಟ್ಟೆ ಒಗೆದಿರಲಿ. ಸೀಳಿದ ಪಟ್ಟಿಯನ್ನು ಒಗೆಯಲು ಹಾಕಿದರೆ ಬಿಡಿಸುವುದರಲ್ಲೇ ದಿನ ಹೋಗುತ್ತದೆ.

ಟೀ ಶರ್ಟಿನ ಸ್ವಭಾವ ಬೇರೆ. ಎಳೆದರೆ ಅಂಚು ಒಳಕ್ಕೆ ಸುರುಳಿ ಸುತ್ತಿ ದುಂಡನೆ ನೂಲಾಗುತ್ತದೆ, ದಾರ ಬಿಡುವುದಿಲ್ಲ. ಪಟ್ಟಿ ಅಡ್ಡಕ್ಕೆ ಕತ್ತರಿಸಿರಬೇಕು, ಕತ್ತಿನಿಂದ ಕೆಳಕ್ಕಲ್ಲ. ಕಂಕುಳ ಕೆಳಗಿನ ಕೊಳವೆಯನ್ನಷ್ಟೇ ತೆಗೆದುಕೊಂಡು, ಒಂದು ಬದಿಯಿಂದ ಎರಡೂ ಪದರ ಸೇರಿಸಿ ಕತ್ತರಿಸುತ್ತಾ ಹೋಗಿ, ಇನ್ನೊಂದು ಬದಿಯಲ್ಲಿ 3 ಸೆಂ.ಮೀ. ಬಿಡಿ. ಬಿಟ್ಟ ಭಾಗವನ್ನು ಅಗಲಿಸಿಟ್ಟು, ಈಚೆಯ ಸೀಳಿನಿಂದ ಆಚೆಯ ಮುಂದಿನ ಸೀಳಿಗೆ ಓರೆಯಾಗಿ ಕತ್ತರಿಸಿದರೆ ಮುಗಿಯಿತು. ಅಚ್ಚು ಹಾಕಿದ ಚಿತ್ರ ಇರುವ ಜಾಗ ಸುರುಳಿ ಸುತ್ತುವುದಿಲ್ಲ, ಪಕ್ಕದ ಹೊಲಿಗೆ ಎಳೆದರೆ ಬಿಟ್ಟುಕೊಳ್ಳುವುದೂ ಉಂಟು. ಪಕ್ಕ ಹೊಲಿಗೆಯಿಲ್ಲದ, ಸಾದಾ ಶರ್ಟೇ ಇದಕ್ಕೆ ಲಾಯಕ್ಕು.

ಜೋಡಣೆಯಲ್ಲಿ ಎಲ್ಲರೂ ತೋರಿಸುವ ಉಪಾಯ ಒಂದೇ: ಎರಡೂ ತುದಿಗೆ ಸೀಳು ಮಾಡಿ ಒಂದರೊಳಗೊಂದು ತೂರಿಸುವುದು. ಟೀ ಶರ್ಟಿಗೆ ಅದು ಸರಿ. ನೇಯ್ದ ಪಟ್ಟಿಗೆ ಅದೇ ಮಾಡಿದರೆ ಸೀಳು ಉದ್ದವಾಗುತ್ತಾ ತುದಿಯವರೆಗೂ ಹರಿಯುತ್ತದೆ. ನೇಯ್ದದ್ದನ್ನು ಓರೆಯಾಗಿ ಇಟ್ಟು ನಾಲ್ಕು ಹೊಲಿಗೆ ಹಾಕಬೇಕು. ಬೇಸರದ ಕೆಲಸ ನಿಜ, ಆದರೆ ಗಂಟು ಹಾಕಿದ ಮ್ಯಾಟಿನ ಮೇಲೆ ಬರಿಗಾಲಲ್ಲಿ ನಿಂತವರು ಆಮೇಲೆ ಸೂಜಿ ಹುಡುಕಿಯೇ ಹುಡುಕುತ್ತಾರೆ.

ಇನ್ನು ಆ ಅಭ್ಯಾಸ: ಸ್ಯಾಂಪಲ್ ತುಣುಕು. ಹತ್ತು ಸ್ಟಿಚ್, ಹತ್ತು ಸಾಲು ಹೆಣೆದು ಅಳೆಯುವುದು. ಪ್ಯಾಟರ್ನಿನವರು ಇದನ್ನು ಸೈಜಿಗಾಗಿ ಮಾಡುತ್ತಾರೆ. ಹಳೆ ಬಟ್ಟೆಯಲ್ಲಿ ಇದು ಬೇಕಾಗುವುದು ಆಕಾರಕ್ಕೆ. ಸಿಂಗಲ್ ಕ್ರೋಶಾದ (ಅಮೆರಿಕದ್ದು) ದುಂಡು ಮ್ಯಾಟಿಗೆ ಸಾಮಾನ್ಯವಾಗಿ ಪ್ರತಿ ಸುತ್ತಿಗೆ ಆರು ಸ್ಟಿಚ್ ಹೆಚ್ಚಿಸು ಅನ್ನುತ್ತಾರೆ. ಆ ಆರು ಎಲ್ಲಿಂದ ಬಂತು? ಸ್ಟಿಚ್ಚಿನ ಎತ್ತರ, ಅಗಲ ಸಮವಾಗಿದ್ದರೆ ಪ್ರತಿ ಸುತ್ತಿಗೆ ಪೈಯ ಎರಡರಷ್ಟು, ಅಂದರೆ 6.28 ಸ್ಟಿಚ್ ಹೆಚ್ಚಬೇಕು. ಅದನ್ನೇ ಆರು ಎಂದಿಟ್ಟುಕೊಂಡಿದ್ದಾರೆ. ಬಿರುಸು ಬಟ್ಟೆಯ ಪಟ್ಟಿ 10 ಮಿ.ಮೀ. ಕಡ್ಡಿಯಲ್ಲಿ ಹಾಗೆ ಸಮ ಬರಲೇಬೇಕೆಂದಿಲ್ಲ. ಹತ್ತು ಸ್ಟಿಚ್ 16 ಸೆಂ.ಮೀ. ಅಗಲ, ಹತ್ತು ಸಾಲು 18 ಸೆಂ.ಮೀ. ಎತ್ತರ ಬಂತು ಎಂದಿಟ್ಟುಕೊಳ್ಳಿ. 6.28 ಅನ್ನು 18ರಿಂದ ಗುಣಿಸಿ 16ರಿಂದ ಭಾಗಿಸಿದರೆ ಏಳು. ಆರು ಹಾಕಿದರೆ ಅಂಚು ಮೇಲೇಳುತ್ತದೆ, ಎಂಟು ಹಾಕಿದರೆ ನಿರಿಗೆ ಬೀಳುತ್ತದೆ. ಕೈ ನೋಡಿ ಕಲಿತವರು ಬಿಚ್ಚಿ ಬಿಚ್ಚಿ ಹಾಕಿ ಕೊನೆಗೆ ಇದೇ ಏಳಕ್ಕೆ ಬರುತ್ತಾರೆ. ಅಳೆದವರಿಗೆ ಆ ಬಿಚ್ಚಾಟ ತಪ್ಪುತ್ತದೆ. ಅಳೆಯದೆ ‘ಆರು’ ಎಂಬ ಪ್ಯಾಟರ್ನಿಗೇ ಜೋತುಬಿದ್ದವರು ಮಾತ್ರ ಬಟ್ಟಲು ಹೆಣೆದು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡುತ್ತಾರೆ.

ಬಟ್ಟೆ ಎಷ್ಟು ಬೇಕು ಎಂಬುದೂ ಅದೇ ತುಣುಕಿನಲ್ಲಿದೆ. ಹತ್ತು ಸ್ಟಿಚ್ ಬಿಚ್ಚಿ ಪಟ್ಟಿ ಅಳೆಯಿರಿ, 95 ಸೆಂ.ಮೀ. ಬಂದರೆ ಒಂದಕ್ಕೆ 9.5. ಇಪ್ಪತ್ತು ಸುತ್ತಿಗೆ, ಏಳರ ಲೆಕ್ಕದಲ್ಲಿ, ಒಟ್ಟು 1470 ಸ್ಟಿಚ್, ಸುಮಾರು 140 ಮೀಟರ್. 1.5 ಮೀಟರ್ ಅಗಲ, 2.25 ಮೀಟರ್ ಉದ್ದದ ಬೆಡ್‌ಶೀಟನ್ನು 2.5 ಸೆಂ.ಮೀ. ಬಿಡಿ ಪಟ್ಟಿ ಮಾಡಿದರೆ ಸಿಗುವುದು 60 ಪಟ್ಟಿ, 135 ಮೀಟರ್, ಅದರಲ್ಲೂ ಜೋಡಣೆಗೆ ಒಂದೂವರೆ ಮೀಟರ್ ಖೋತಾ. ಅಂದರೆ ಹತ್ತೊಂಬತ್ತನೇ ಸುತ್ತಿಗೆ ನಿಲ್ಲಿಸಿ, 68 ಸೆಂ.ಮೀ. ಅಡ್ಡಳತೆಯ ಮ್ಯಾಟ್ ಸಿಗುತ್ತದೆ. ಆರರ ಲೆಕ್ಕದಲ್ಲಿ 120 ಮೀಟರ್ ಸಾಕು ಎಂದು ನಂಬಿ ಕೂತವರಿಗೆ ಕೊನೆಯ ಸುತ್ತಿನ ಅರ್ಧದಲ್ಲಿ ಬಟ್ಟೆ ಕೈಕೊಡುತ್ತದೆ.

ಚಿಕ್ಕ ಮಾತು: ದಪ್ಪ ಪಟ್ಟಿಯಲ್ಲಿ ಮ್ಯಾಜಿಕ್ ರಿಂಗ್ (ದುಂಡು ಹೆಣಿಗೆ ಶುರು ಮಾಡುವ, ಎಳೆದು ಬಿಗಿ ಮಾಡುವ ಕುಣಿಕೆ) ಬಿಗಿಯಾಗುವುದೇ ಇಲ್ಲ. ಎರಡು ಚೈನ್ (ಸರಪಳಿ ಕುಣಿಕೆ) ಹಾಕಿ ಮೊದಲ ಚೈನಿನೊಳಗೇ ಎಲ್ಲ ಸ್ಟಿಚ್ ಹೆಣೆಯಿರಿ. ಹೆಚ್ಚಿಸುವ ಜಾಗ ಸುತ್ತಿನಿಂದ ಸುತ್ತಿಗೆ ಸರಿಯುತ್ತಿರಲಿ, ಇಲ್ಲದಿದ್ದರೆ ದುಂಡು ಹೋಗಿ ಏಳು ಮೂಲೆ ಏಳುತ್ತವೆ.

ಪ್ರಯೋಗಗಳಲ್ಲಿ ನನಗೆ ಹಿಡಿಸಿದ್ದು ಬಟ್ಟೆಯನ್ನು ಹೆಣೆಯದೆ ಒಳಗೆ ಮಲಗಿಸುವುದು. ಪಟ್ಟಿಯನ್ನು ಹಿಂದಿನ ಸುತ್ತಿನ ತಲೆಯ ಮೇಲಿಟ್ಟು, ಗಟ್ಟಿ ಹತ್ತಿ ನೂಲಿನಿಂದ ಅದನ್ನು ಒಳಗೆ ಹಾಕಿಕೊಂಡು ಸಿಂಗಲ್ ಹೆಣೆದರೆ ಬುಟ್ಟಿ ತಾನೇ ನಿಲ್ಲುತ್ತದೆ, ಬಟ್ಟೆಯೂ ಕಡಿಮೆ ಸಾಕು. ಒಳಗಿನ ಪಟ್ಟಿಯನ್ನು ಎಳೆದು ಬಿಗಿ ಮಾಡಿದರೆ ಗೋಡೆ ಒಳಕ್ಕೆ ವಾಲುತ್ತದೆ, ಸಡಿಲ ಬಿಟ್ಟರೆ ಹೊರಕ್ಕೆ ಅರಳುತ್ತದೆ. ಅಂಗೈಯಗಲ ಹೆಣೆದಾಗೆಲ್ಲ ಒಮ್ಮೆ ಸವರಿ ಸಮ ಮಾಡಿ.

ಪ್ಲಾಸ್ಟಿಕ್ ಚೀಲ ಕತ್ತರಿಸಿ ನೂಲು ಮಾಡುವುದಕ್ಕೆ ನನ್ನ ಒಪ್ಪಿಗೆ ಅರೆಮನಸ್ಸಿನದು: ಬಿಸಿಲಲ್ಲಿಟ್ಟರೆ ಪುಡಿಯಾಗಿ ಉದುರುತ್ತದೆ. ಅಕ್ರಿಲಿಕ್ (ಕೃತಕ ನೂಲು) ಮತ್ತು ಹತ್ತಿಯನ್ನು ಒಂದೇ ಮ್ಯಾಟಿನಲ್ಲಿ ಬೆರೆಸುವವರು ಹತ್ತಿಯನ್ನು ಮೊದಲು ಬಿಸಿನೀರಲ್ಲಿ ಒಗೆದು ಕುಗ್ಗಿಸಿಕೊಳ್ಳಲಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹತ್ತಿಯ ಸುತ್ತು ಎಳೆದುಕೊಂಡು ಅಕ್ರಿಲಿಕ್ಕಿನ ಸುತ್ತು ಉಬ್ಬುತ್ತದೆ. ಆಗ ಎಷ್ಟು ಎಣಿಸಿ ಹೆಣೆದಿದ್ದರೂ ಮತ್ತೆ ಬಟ್ಟಲೇ.