ಎರಡು ರಬ್ಬರ್ ಉಂಗುರ

ಹಳೆಯ ಲಿವರ್ ಎಸ್ಪ್ರೆಸೊ ಮೆಷಿನ್, ಅಂದರೆ ಕೈಯಿಂದ ಹಿಡಿ ಒತ್ತಿ ಗಟ್ಟಿ ಕಾಫಿ ಇಳಿಸುವ ಯಂತ್ರದ ರಿಪೇರಿಗೆ ಕೂತವರು ಮೊದಲು ಕೈ ಹಾಕುವುದು ಕ್ರೋಮ್ ಹೊಳಪಿಗೆ. ಮುಖ ಕಾಣುವವರೆಗೆ ಉಜ್ಜುತ್ತಾರೆ. ಉಜ್ಜಲಿ ಬಿಡಿ. ಆದರೆ ಮೆಷಿನ್‌ನ ಜೀವ ಇರುವುದು ಕಣ್ಣಿಗೆ ಬೀಳದ ರಬ್ಬರ್ ಉಂಗುರಗಳಲ್ಲಿ. ಗ್ಯಾಸ್ಕೆಟ್ ಸವೆದ ಕುಕ್ಕರ್ ಎಷ್ಟು ಹೊಳೆದರೇನು, ಸೀಟಿ ಹೊಡೆಯುತ್ತಾ?

ನಾನು ಬಿಚ್ಚಿ ಹರವಿಕೊಂಡಿದ್ದು ಇಟಲಿಯ ಮಿಲಾನ್‌ನ ಲಾ ಪಾವೋನಿ ಕಂಪನಿಯ ಯೂರೋಪಿಕ್ಕೊಲ. ಹಿತ್ತಾಳೆ ಬಾಯ್ಲರ್, ಪಿಸ್ಟನ್, ಉದ್ದನೆಯ ಹಿಡಿ. ಪಂಪ್ ಇಲ್ಲ, ಸ್ಪ್ರಿಂಗೂ ಇಲ್ಲ. ಹಿಡಿ ಎತ್ತಿದರೆ ಬಿಸಿನೀರು ಪುಡಿಯ ಮೇಲೆ ಇಳಿಯುತ್ತದೆ. ಒತ್ತಿದರೆ ಪಿಸ್ಟನ್ ಅದನ್ನು ಪುಡಿಯೊಳಗೆ ನುಗ್ಗಿಸುತ್ತದೆ. ಒತ್ತಡ ಎಷ್ಟು ಅಂತೀರಾ? ನಿಮ್ಮ ತೋಳಲ್ಲಿ ಎಷ್ಟಿದೆಯೋ ಅಷ್ಟು.

ಪಿಸ್ಟನ್ನಿನ ಉಪಾಯಕ್ಕೆ ಹೆಸರಾದವರು ಅದೇ ಊರಿನ ಅಕಿಲೆ ಗಾಜ್ಜಾ. 1938ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅಲ್ಲಿಯವರೆಗೆ ನೀರನ್ನು ತಳ್ಳುತ್ತಿದ್ದುದು ಹಬೆ. ಒತ್ತಡ ಕಡಿಮೆ, ಸುಟ್ಟ ರುಚಿ ಜಾಸ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಲಿವರ್ ಮೆಷಿನ್ ಬಂತು, ಒತ್ತಡ ಎಂಟೊಂಬತ್ತು ಬಾರ್‌ಗೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಏರಿತು, ಕಾಫಿಯ ಮೇಲೆ ಹೊಂಬಣ್ಣದ ಕೆನೆ ಕಟ್ಟಿತು. ತಮಾಷೆ ನೋಡಿ, ಯೂರೋಪಿಕ್ಕೊಲ ಬಂದ 1961ರಲ್ಲೇ ಫಯೇಮಾ ಕಂಪನಿಯ ಪಂಪ್ ಮೆಷಿನ್ ಇ61 ಕೂಡ ಬಂತು. ಅಂಗಡಿಯವರು ಲಿವರ್ ಕೈಬಿಡತೊಡಗಿದ ಹೊತ್ತಿಗೆ ಮನೆಯವರು ಅದನ್ನು ಹಿಡಿದುಕೊಂಡರು.

ಬಾಯ್ಲರ್‌ನೊಳಗಿನ ಸುಣ್ಣದ ಪದರ ನಿಂಬೆ ಉಪ್ಪಿನ ನೀರಿಗೆ ಕರಗುತ್ತದೆ. ಪಿಸ್ಟನ್ ಸುತ್ತ ಕೂರುವ ಎರಡು ರಬ್ಬರ್ ಉಂಗುರಗಳದೇ ಪೇಚಾಟ. ಹಳೆಯವು ಕಲ್ಲಾಗಿರುತ್ತವೆ. ಪಿಸ್ಟನ್‌ಗೆ ಗೀರು ಬೀಳದ ಹಾಗೆ ಚೂರುಚೂರಾಗಿ ಕಿತ್ತು ತೆಗೆಯಬೇಕು. ಹೊಸ ಜೋಡಿಗೆ ತುಟಿಯಂಥ ಅಂಚಿದೆ. ಒಂದರ ಬಾಯಿ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಉಲ್ಟಾ ಆದರೆ ನೀರು ಪಕ್ಕದಿಂದ ನುಸುಳಿಕೊಳ್ಳುತ್ತದೆ, ಹಿಡಿ ಸುಮ್ನೆ ಕೆಳಗಿಳಿಯುತ್ತದೆ. ಕೊನೆಗೆ ಚೂರು ಸಿಲಿಕೋನ್ ಗ್ರೀಸ್. ಆಹಾರಕ್ಕೆ ತಾಗಬಹುದಾದದ್ದು, ಸೈಕಲ್ ಅಂಗಡಿಯದಲ್ಲ!

ಪುಡಿಯ ವಿಷಯದಲ್ಲಿ ನಾನು ರೋಬಸ್ಟಾ ಪಕ್ಷ. ಕೆನೆ ದಪ್ಪಗೆ ಬರುವುದೇ ಅದರಿಂದ. ನಮ್ಮ ಕಾಫಿಯನ್ನು ಇಟಲಿಯವರು ಅಷ್ಟೊಂದು ಕೊಳ್ಳುವುದಕ್ಕೂ ಇದೊಂದು ಕಾರಣ. ಬರೀ ಅರೇಬಿಕಾ ಕುಡಿಯುವವರು ಮೂಗು ಮುರಿಯಲಿ.

ಹಾಂ, ಮೆಷಿನ್‌ನದೂ ಒಂದು ಹಟ ಇದೆ. ಒಂದರ ಹಿಂದೊಂದು ಕಪ್ ತೆಗೆದರೆ ಪಿಸ್ಟನ್ನಿನ ಭಾಗ ವಿಪರೀತ ಕಾದು ಕಾಫಿ ಕಹಿಯಾಗುತ್ತದೆ. ತಣಿಯಲು ಬಿಡಬೇಕು. ಹಾಗಾಗಿ ಮನೆಗೆ ಇಬ್ಬರಿಗಿಂತ ಜಾಸ್ತಿ ನೆಂಟರು ಬಂದರೆ, ಮೆಷಿನ್ ತೋರಿಸಿ ಫಿಲ್ಟರ್ ಕಾಫಿ ಕೊಡುತ್ತೇನೆ.