ಮೀನಿಗೆ ಮೆಟ್ಟಿಲು ಕಟ್ಟಿದ್ದಾರಂತೆ, ಬಾಗಿಲು ಎಲ್ಲಿದೆ ಸ್ವಾಮಿ?

ಮಳೆ ಬಿದ್ದು ಹಳ್ಳ ಕೆಂಪಗೆ ಬಂದಿದೆ ಅಂತ ಗೊತ್ತಾಗಿ ನಿನ್ನೆ ಸಂಜೆ ಹರಿಹರದ ಆಚೆ ಒಂದು ಪಿಕಪ್ (ಹಳ್ಳಕ್ಕೆ ಅಡ್ಡ ಕಟ್ಟಿ ನೀರನ್ನ ನಾಲೆಗೆ ತಿರುಗಿಸುವ ಗೋಡೆ) ಹತ್ತಿರ ಹೋಗಿದ್ದೆ. ಹೊಳೆಯ ಮೀನು ಹಳ್ಳಕ್ಕೆ ಏರುವ ಕಾಲ, ಹತ್ತುಮೀನು ಅಂತೀವಲ್ಲ ಅದು. ಯಾವ ಪಿಕಪ್ ಅಂತ ಕೇಳಬೇಡಿ. ಹೆಸರು ಹಾಕಿದರೆ ನಾಳೆ ಅರ್ಧ ದಾವಣಗೆರೆ ಬಲೆ ಹಿಡಿದು ಅಲ್ಲಿರುತ್ತೆ.

ಗೋಡೆಯ ಮರಳು ತೂಬಿನ, ಅಂದ್ರೆ ಕೂತ ಮರಳನ್ನ ನೀರಿನ ಜೊತೆ ಕೆಳಗೆ ಬಿಡುವ ಕಿಂಡಿಯ, ಗೇಟು ಅರೆ ತೆರೆದಿತ್ತು. ನೀರು ನೊರೆಯಾಗಿ ಬೀಳುವ ಆ ಜಾಗದಲ್ಲೇ ಅಂಗೈ ಉದ್ದದ ಮೀನುಗಳ ಗುಂಪು. ಜಿಗಿಯುತ್ತವೆ, ಗೋಡೆಗೆ ಬಡಿಯುತ್ತವೆ, ಜಾರಿ ಬೀಳುತ್ತವೆ, ಮತ್ತೆ ಜಿಗಿಯುತ್ತವೆ. ಕಾಂಕ್ರೀಟಿಗೆ ಹುರುಪೆ ಅಂಟಿಕೊಂಡು ಹೊಳೀತಿತ್ತು. ಕೆಳಗೆ ಹುಡುಗರು ಸೊಳ್ಳೆ ಪರದೆ ಹಿಡಿದು ನಿಂತಿದ್ದರು. ಹುಡುಗರನ್ನ ಬೈಯಲ್ಲ. ಬುಡಕ್ಕೆ ಬಂದ ಮೀನನ್ನ ಯಾರು ಬಿಡ್ತಾರೆ?

ಮೈ ಉರಿದಿದ್ದು ಆಚೆ ದಡ ನೋಡಿ. ಅಲ್ಲಿ ಮೀನಿಗೆ ಅಂತಲೇ ಮೆಟ್ಟಿಲು ಕಟ್ಟಿದ್ದಾರೆ! ಒಂದರ ಮೇಲೊಂದು ಕಾಂಕ್ರೀಟ್ ತೊಟ್ಟಿ. ಒಳಗೆ ಗುಟ್ಕಾ ಚೀಟಿ, ಒಂಟಿ ಚಪ್ಪಲಿ. ನೀರು ಮಾತ್ರ ಇಲ್ಲ. ಮೀನು ಒಳಗೆ ಹೋಗಬೇಕಾದ ಬಾಗಿಲು ಗೋಡೆಯಿಂದ ಎಷ್ಟೋ ಮಾರು ಕೆಳಗೆ, ನಿಂತ ನೀರಲ್ಲಿ. ಬಸ್ ನಿಲ್ಲೋದು ಹರಿಹರದಲ್ಲಿ, ಹತ್ತೋಕೆ ಹೊನ್ನಾಳಿಗೆ ಬನ್ನಿ ಅಂದ ಹಾಗೆ.

ಜೀವನವಿಡೀ ಸಿಮೆಂಟು, ಲೆವೆಲ್ಲು ಅಂತ ಓಡಾಡಿದವನು ನಾನು, ನಿಮಗೆ ಗೊತ್ತು. ಪರಿಸರದ ಭಾಷಣ ನನಗೆ ಬರಲ್ಲ. ಆದ್ರೆ ಇದು ಪರಿಸರದ ವಿಷಯಕ್ಕಿಂತ ಮೊದಲು ನಕ್ಷೆಯ ವಿಷಯ. ಏರುವ ಮೀನು ಬೋರ್ಡ್ ಓದಲ್ಲ, ಹರಿವು ಓದುತ್ತೆ. ಜೋರು ನೀರು ಎಲ್ಲಿಂದ ಬರುತ್ತೋ ಅಲ್ಲಿಗೇ ಹೋಗಿ ತಲೆ ಇಡುತ್ತೆ. ಹಾಗಾಗಿ ಬಾಗಿಲು ಗೋಡೆಯ ಬುಡದಲ್ಲೇ, ಆ ಹರಿವಿನ ಪಕ್ಕದಲ್ಲೇ ಇರಬೇಕು. ಅದರಿಂದಲೂ ಮೀನಿಗೆ ಗೊತ್ತಾಗುವಷ್ಟು ನೀರು ಚಿಮ್ಮಬೇಕು. ಇಷ್ಟೇ.

ಇನ್ನು ಮೆಟ್ಟಿಲ ಎತ್ತರ. ತೊಟ್ಟಿಯಿಂದ ತೊಟ್ಟಿಗೆ ನೀರು ಒಂದು ಅಡಿ ಇಳಿದರೆ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಅರ್ಧ ಅಡಿ ಆದ್ರೆ ಸುಮಾರು 1.7. ಡಿಪ್ಲೊಮಾ ಹುಡುಗರೂ ಹಾಕುವ ಲೆಕ್ಕ. ಅಮೆರಿಕದ ಸಾಲ್ಮನ್ ಮೀನು ಹಾರಿ ಹೋಗುತ್ತೆ, ಅಲ್ಲಿ 1938ರಲ್ಲೇ ಬಾನೆವಿಲ್ ಅಣೆಕಟ್ಟಿಗೆ ಇಂಥ ಮೀನಿನ ಏಣಿ ಇಟ್ಟರು. ಅದೇ ಅಳತೆ ತಂದು ನಮ್ಮ ಹಳ್ಳಕ್ಕೆ ಕೂರಿಸಿದರೆ ನಮ್ಮ ಚಿಕ್ಕ ಮೀನು ಏನು ಮಾಡಬೇಕು? ತೊಟ್ಟಿಗಳ ಅಡ್ಡಗೋಡೆಗೆ ಮೇಲಿಂದ ತಳದವರೆಗೆ ಉದ್ದ ಸೀಳು ಬಿಟ್ಟರೆ ಹಾರುವ ಕೆಲಸವೇ ಇಲ್ಲ. ತಳದಲ್ಲಿ ಹೋಗುವ ಮೀನೂ ಈಜಿಕೊಂಡು ದಾಟುತ್ತೆ, ನೀರಿನ ಮಟ್ಟ ಏರಿಳಿದರೂ ನಡೆಯುತ್ತೆ. ಕೆನಡಾದ ಫ್ರೇಜರ್ ನದಿಯಲ್ಲಿ ರೈಲ್ವೆ ಕಾಮಗಾರಿಯಿಂದ 1914ರಲ್ಲಿ ಬಂಡೆ ಕುಸಿದು ಮೀನಿನ ದಾರಿ ಮುಚ್ಚಿಹೋಗಿತ್ತು. 1940ರ ದಶಕದಲ್ಲಿ ಇಂಥ ಸೀಳಿನ ದಾರಿಯನ್ನೇ ಕಟ್ಟಿ ಬಿಡಿಸಿದರು. ಹಾವು ಮೀನಿನ ಮರಿಗಂತೂ ತೊಟ್ಟಿಯೂ ಬೇಡ, ಒರಟಾದ ಒದ್ದೆ ಇಳಿಜಾರು ಇದ್ದರೆ ತೆವಳಿ ಹತ್ತುತ್ತೆ. ಇದ್ಯಾವುದೂ ಬೇಡ ಅಂದ್ರೆ ಪಕ್ಕದಲ್ಲಿ ಜಾಗ ಬಿಟ್ಟು ಕಲ್ಲು ಹಾಸಿ ಒಂದು ಸಣ್ಣ ಹಳ್ಳವನ್ನೇ ಸುತ್ತು ಹಾಕಿಸಿ. ಆದ್ರೆ ಏನು ಕಟ್ಟಿದರೂ ಬಾಗಿಲು ತಪ್ಪು ಜಾಗದಲ್ಲಿದ್ದರೆ ಎಲ್ಲಾ ದಂಡ.

ದೊಡ್ಡವರೂ ಎಡವಿದ್ದಾರೆ. ಬಂಗಾಳದಲ್ಲಿ ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜಿಗೆ ಮೀನಿನ ಲಾಕ್ (ಗೇಟು ಮುಚ್ಚಿ ನೀರು ತುಂಬಿಸಿ ಮೀನನ್ನ ಮೇಲೆತ್ತುವ ಕೋಣೆ) ಇಟ್ಟಿದ್ದರು. 1975ರಲ್ಲಿ ಬ್ಯಾರೇಜು ಶುರುವಾಯ್ತು, ಗಂಗೆಯ ಮೇಲ್ಭಾಗಕ್ಕೆ ಸಮುದ್ರದಿಂದ ಏರುವ ಹಿಲ್ಸಾ ಮೀನು ಬರೋದು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಈಗ ಕಾಮೆಂಟಲ್ಲಿ ಬರುತ್ತೆ ನೋಡಿ, "ಭದ್ರಾ ನಾಲೆಯ ಕೊನೆ ಭಾಗದ ರೈತರಿಗೇ ನೀರಿಲ್ಲ, ನಿಮ್ಮದು ಮೀನಿನ ಚಿಂತೆ." ಕೊನೆ ಭಾಗದ ಕಷ್ಟ ನನಗೆ ಗೊತ್ತು, ನಮ್ಮ ಗದ್ದೆಯೂ ಅಲ್ಲೇ ಇರೋದು. ಆದ್ರೆ ಮೀನು ಏರೋದು ಹಳ್ಳ ತುಂಬಿ ಗೋಡೆ ಮೇಲೆ ನೀರು ಉಕ್ಕುವಾಗ. ಆಗ ಉಳಿಸಿ ಯಾರಿಗೆ ಕೊಡ್ತೀರಿ? ಮೆಟ್ಟಿಲಲ್ಲಿ ಇಳಿದ ನೀರು ಅದೇ ಹಳ್ಳಕ್ಕೇ ಬೀಳುತ್ತಲ್ವಾ? ಇನ್ನೊಂದು ವಾದ, "ಕೆರೆಗೆ ಕಾಟ್ಲಾ, ರೋಹು ಮರಿ ಬಿಡ್ತೀವಲ್ಲ." ಅವು ಗಂಗೆಯ ಕಡೆಯವು ಮಾರಾಯ್ರೇ. ಹೊಳೆಯ ಮೀನಿಗೆ ದಾರಿ ಮುಚ್ಚಿ, ಕೆರೆಗೆ ಬೇರೆ ಮೀನು ತುಂಬಿದರೆ ಲೆಕ್ಕ ಸರಿ ಹೋಯ್ತಾ?

ನಾನೇನು ಮೀನು ಬಿಟ್ಟವನಲ್ಲ. ಬಾಳೆ ಮೀನಿನ ಸಾರು ಇದ್ದರೆ ಎರಡು ರೊಟ್ಟಿ ಜಾಸ್ತಿನೇ ಇಳಿಯುತ್ತೆ. ಶೃಂಗೇರಿಗೆ ಹೋದಾಗ ಮಾತ್ರ ನಮ್ಮವರೆಲ್ಲ ತುಂಗೆಯ ಮೀನಿಗೆ ಮಂಡಕ್ಕಿ ಎಸೆದು ಕೈ ಮುಗೀತಾರೆ. ಅದೇ ನೀರು ಹರಿಹರಕ್ಕೆ ಬರುವಷ್ಟರಲ್ಲಿ ಭಕ್ತಿ ಎಲ್ಲೋ ಇಳಿದು ಹೋಗಿರುತ್ತೆ.

ಈ ಗುಂಪಲ್ಲಿ ನಕ್ಷೆ ಬರೆಯುವ ಹುಡುಗರು ಇದ್ದೀರಿ. ಮುಂದಿನ ಪಿಕಪ್‌ನ ಶೀಟ್ ನನಗೆ ಕಳಿಸಿ. ಬಾಗಿಲು ಎಲ್ಲಿಡಬೇಕು ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿ ಕೊಡ್ತೀನಿ. ಹಾಗೇ ನಾಲೆಯ ತೂಬಿನ ಬಾಯಿಗೂ ಒಂದು ಜಾಲರಿ ಬರೆದುಬಿಡಿ. ಏರಿದ ಮೀನಿನ ಮರಿಗಳು ವಾಪಸ್ ಬರುವಾಗ ನಾಲೆಗೆ ನುಗ್ಗಿ, ನೀರು ಬಂದ್ ಆದ ದಿನ ಕೆಸರಲ್ಲಿ ಸಾಯೋದನ್ನ ಪ್ರತಿ ಸಲ ನೋಡ್ತಾ ಇದ್ದೀವಿ.