ಹಲಸಿನ ಹಣ್ಣಿನ ಮೇಲೆ ಸವಾರಿ

ನಮ್ಮ ಅಕ್ಕನ ಮಗನಿಗೆ ಹಳೇ ಯೆಜ್ಡಿ ಬೈಕೊಂದು ಸಿಕ್ಕಿತು. ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿದ್ದರೂ ಗಾಡಿಗಳು ಮಾತ್ರ ಇನ್ನೂ ಯಾರದ್ದಾದರೂ ಕೊಟ್ಟಿಗೆಯಿಂದ ಎದ್ದು ಬರುತ್ತಲೇ ಇವೆ. ಕಪ್ಪು ಪೇಂಟ್ ಹೊಡೆಸಿ ಓಡಿಸ್ತಾನೆ ಅಂದುಕೊಂಡಿದ್ದೆವು. ಅವನು ಥೀಮ್ ಬೈಕ್ ಅಂದ. ಹದ್ದು, ತಲೆಬುರುಡೆ, ಬೆಂಕಿ ಎಲ್ಲಾ ಬೆಂಗಳೂರಿನವರು ಮಾಡಿ ಮುಗಿಸಿದ್ದಾರೆ ಮಾವ, ನಮ್ಮ ತುಮಕೂರಿನದ್ದೇ ಏನಾದ್ರೂ ಬೇಕು ಅಂತ ಯೋಚಿಸಿ ಯೋಚಿಸಿ ಕೊನೆಗೆ ಹಲಸಿನ ಹಣ್ಣಿಗೆ ಬಂದು ನಿಂತ. ತಟ್ಟೆ ಇಡ್ಲಿಗಿಂತ ವಾಸಿ ಅಂತ ನಾನೂ ಸುಮ್ಮನಾದೆ.

ಟ್ಯಾಂಕ್ ಹಸಿರು, ಮೇಲೆ ಮುಳ್ಳು. ಸೀಟು ತೊಳೆ. ಹಳದಿ ತೊಳೆ ಬೇಡವಂತೆ, ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಸಿದ್ದು ಹಲಸಿನ ಹಾಗೆ ತಾಮ್ರಗೆಂಪೇ ಆಗಬೇಕಂತೆ. ಸೀಟು ಹೊಲಿಯುವವನಿಗೆ ಸ್ಯಾಂಪಲ್ ಅಂತ ತೊಳೆಗಳನ್ನು ಕೊಟ್ಟು ಬಂದ. ಆತ ಅಷ್ಟನ್ನೂ ತಿಂದು, "ರೆಕ್ಸಿನ್‌ನಲ್ಲಿ ಈ ಬಣ್ಣ ಬರಲ್ಲ ಸಾರ್" ಅಂದ. ಸಿಕ್ಕಿದ್ದು ಇಟ್ಟಿಗೆ ಬಣ್ಣ.

ಮುಳ್ಳಿನದ್ದು ದೊಡ್ಡ ಕಥೆ. ಕಬ್ಬಿಣದ ಚೂರು ವೆಲ್ಡ್ ಮಾಡಿಸೋಣ ಅಂತ ಹೋದರೆ ವೆಲ್ಡಿಂಗ್ ಅಂಗಡಿಯವರು ಕೈ ಮುಗಿದರು. ಪೆಟ್ರೋಲ್ ಖಾಲಿಯಾದ ಟ್ಯಾಂಕಿನಲ್ಲೂ ಆವಿ ಇರುತ್ತೆ, ಕಿಡಿ ತಗುಲಿದರೆ ಸಿಡಿಯುತ್ತೆ. "ಟ್ಯಾಂಕ್ ಜೊತೆ ನಾನೂ ಹಣ್ಣಾಗಬೇಕಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಆಮೇಲೆ ಪೇಂಟರ್ ಪುಟ್ಟಿಯಲ್ಲಿ ಒಂದೊಂದೇ ಮುಳ್ಳು ಎತ್ತಿ, ಒಣಗಿಸಿ, ವಾಟರ್ ಪೇಪರ್ ಹಾಕಿ ಉಜ್ಜಿದ. ಹಬ್ಬಕ್ಕೆ ಸಂಡಿಗೆ ಇಡೋ ತಾಳ್ಮೆ ಅದು. ನೋಡೋಕೆ ನಿಜವಾಗಲೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೂತಾಗ ಗೊತ್ತಾಯಿತು. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಜಾರದ ಹಾಗೆ ಮಂಡಿಯಿಂದ ಟ್ಯಾಂಕನ್ನು ಗಟ್ಟಿಯಾಗಿ ಹಿಡಿಯಬೇಕು. ಇಲ್ಲಿ ಹಿಡಿದರೆ ಚುಚ್ಚುತ್ತೆ, ಬಿಟ್ಟರೆ ಜಾರಿ ಇನ್ನೂ ನಾಜೂಕಾದ ಜಾಗಕ್ಕೆ ಚುಚ್ಚುತ್ತೆ. ಪಾಪ, ಹುಡುಗ ಹಂಪ್ ಬಂದಾಗಲೆಲ್ಲಾ ಎರಡೂ ಕಾಲು ಅಗಲಿಸಿ ಹಕ್ಕಿ ಹಾರೋ ಥರ ಬರುತ್ತಿದ್ದ. ಟು ಸ್ಟ್ರೋಕ್ ಇಂಜಿನ್ನಿನ ನಡುಕಕ್ಕೆ ದಿನಾ ಮುಳ್ಳು ಉದುರುತ್ತಿದ್ದವು. ಅಕ್ಕ ಬೆಳಿಗ್ಗೆ ಅಂಗಳ ಗುಡಿಸುವಾಗ ಆರಿಸಿ ಡಬ್ಬಿಗೆ ಹಾಕಿಡುತ್ತಿದ್ದಳು.

ಅಷ್ಟರಲ್ಲಿ ಟ್ರಾಫಿಕ್ ಪೊಲೀಸರು ಹಿಡಿದರು. ಆರ್‌ಸಿಯಲ್ಲಿ ಬಣ್ಣ ಕಪ್ಪು, ಎದುರಿಗೆ ನಿಂತಿರೋದು ಹಲಸು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಇಷ್ಟ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ, ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು ಅಂತ ಅವರು ವಿವರಿಸುತ್ತಿದ್ದರೆ, ಪಕ್ಕದಲ್ಲಿದ್ದ ಇನ್ನೊಬ್ಬರು ಟ್ಯಾಂಕ್ ಮೂಸಿ ನೋಡುತ್ತಿದ್ದರು.

ಆರ್‌ಟಿಓ ಆಫೀಸಿಗೆ ಹೊರಟ ದಿನ ಹಿಂದೆ ನಾನೂ ಕೂತಿದ್ದೆ. ಕ್ಯಾತ್ಸಂದ್ರದಲ್ಲಿ ಇಡ್ಲಿ ತಿಂದು ಬಂದರೆ ಗಾಡಿ ಹತ್ತಿರ ಅಜ್ಜನೊಬ್ಬ ನಿಂತಿದ್ದ. ಸಂತೆಯಲ್ಲಿ ಹಲಸು ನೋಡುವವರ ಹಾಗೆ ಬಗ್ಗಿ, ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಟ್ಯಾಂಕ್ ಬಡಿದ. ಡಬ್ ಡಬ್ ಅಂತು.

"ಹಣ್ಣಾಗೈತೆ ಕಣಪ್ಪಾ" ಅಂದ.

ನಾವು ನಗುತ್ತಾ ಕಿಕ್ ಹೊಡೆದೆವು. ಹೊಡೆದೆವು, ಹೊಡೆದೆವು. ಆಮೇಲೆ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಒಂದು ತೊಟ್ಟೂ ಇರಲಿಲ್ಲ. ಬಂಕ್ ತನಕ ತಳ್ಳಿಕೊಂಡು ಹೋದೆವು, ಅಜ್ಜನೂ ಒಂದಿಷ್ಟು ದೂರ ಕೈ ಹಾಕಿದ.